ಕಕ್ಷೆಯಿಂದ ಕಕ್ಷೆಗೆ: ಪುಟ್ಟ ಉಪಗ್ರಹಗಳ ಕೊನೆಯ ಹಂತದ ಪಯಣ

2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ-ಸಿ37 ಒಂದೇ ಉಡಾವಣೆಯಲ್ಲಿ 104 ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿದಾಗ ಎಲ್ಲರ ಬಾಯಲ್ಲೂ ಆ ಸಂಖ್ಯೆಯದೇ ಮಾತು. ಅವುಗಳಲ್ಲಿ 88 ಅಮೆರಿಕದ ಪ್ಲಾನೆಟ್ ಕಂಪನಿಯ ‘ಡವ್’ಗಳು, ಅವೆಲ್ಲಕ್ಕೂ ಬೇಕಿದ್ದದ್ದು ಒಂದೇ ಕಕ್ಷೆ ಎಂಬುದನ್ನು ಗಮನಿಸಿದವರು ಕಡಿಮೆ. ಎಂಜಿನ್ ಇಲ್ಲದ ಆ ಡವ್‌ಗಳು ಸೌರಫಲಕಗಳನ್ನು ಓರೆ ಮಾಡಿಕೊಂಡು, ಅಷ್ಟು ಎತ್ತರದಲ್ಲೂ ಉಳಿದಿರುವ ತೆಳು ಗಾಳಿಯ ತಡೆಯನ್ನೇ ಬಳಸಿ ಒಂದೇ ಪಥದ ಉದ್ದಕ್ಕೂ ಹರಡಿಕೊಂಡವು. ಬೇರೆ ಎತ್ತರವೋ ಬೇರೆ ಸಮತಲವೋ ಬೇಕಾದವರಿಗೆ ಈ ಉಪಾಯ ಸಾಲದು. ಕಕ್ಷಾ ವರ್ಗಾವಣೆ ವಾಹನ, ಅಂದರೆ ಬಾಹ್ಯಾಕಾಶದ ‘ಟಗ್’, ಅಂಥವರ ಅಗತ್ಯದಿಂದ ಬೆಳೆದದ್ದು.

ಮೇಲಕ್ಕೆ ಹೋಗುವುದು ಈಗ ಅಗ್ಗ. 2019ರಲ್ಲಿ ಸ್ಪೇಸ್‌ಎಕ್ಸ್ 200 ಕಿಲೋ ತೂಕಕ್ಕೆ 10 ಲಕ್ಷ ಡಾಲರ್ ದರ ಪ್ರಕಟಿಸಿತು. 2021ರ ಜನವರಿ 24ರ ಟ್ರಾನ್ಸ್‌ಪೋರ್ಟರ್-1ರಲ್ಲಿ 143 ಉಪಗ್ರಹಗಳು ಒಟ್ಟಿಗೆ ಹೋದವು. ಆದರೆ ಇಳಿಯುವ ಜಾಗವನ್ನು ಗೊತ್ತುಮಾಡುವುದು ರಾಕೆಟ್ಟೇ ಹೊರತು ಪ್ರಯಾಣಿಕನಲ್ಲ.

ಅಲ್ಲಿಂದ ಮುಂದಿನ ದಾರಿ ಎಷ್ಟು ಕಷ್ಟದ್ದೆಂದು ಲೆಕ್ಕ ಹಾಕಿದರೇ ತಿಳಿಯುವುದು. 500 ಕಿ.ಮೀ. ಎತ್ತರದಿಂದ 600ಕ್ಕೆ ಏರಲು ವೇಗದಲ್ಲಿ ಸೆಕೆಂಡಿಗೆ ಸುಮಾರು 55 ಮೀಟರ್‌ ಬದಲಾವಣೆ ಸಾಕು. ಇನ್ನು ಸೂರ್ಯ ಸ್ಥಾಯಿ ಕಕ್ಷೆಯ, ಅಂದರೆ ದಿನವೂ ಒಂದೇ ಸ್ಥಳೀಯ ಹೊತ್ತಿಗೆ ಸಮಭಾಜಕ ದಾಟುವ ಕಕ್ಷೆಯ, ಉಪಗ್ರಹವೊಂದು ಬೆಳಿಗ್ಗೆ 9:30ಕ್ಕೆ ಸಮಭಾಜಕವನ್ನು ದಾಟುತ್ತಿದೆ, ಮಾಲೀಕನಿಗೆ ಅದು 10:30ಕ್ಕೆ ದಾಟಬೇಕು ಅನ್ನಿ. ಒಂದು ಗಂಟೆಯೆಂದರೆ ಕಕ್ಷೆಯ ಸಮತಲದಲ್ಲಿ 15 ಡಿಗ್ರಿ. ಅದನ್ನು ನೇರವಾಗಿ ತಿರುಗಿಸಲು ಸೆಕೆಂಡಿಗೆ ಸುಮಾರು 2 ಕಿ.ಮೀ. ಬೇಕು, ಯಾವ ಪುಟ್ಟ ವಾಹನಕ್ಕೂ ಅದು ಬಹಳ ದುಬಾರಿ. ಇನ್ನೊಂದು ದಾರಿಯಿದೆ. ಭೂಮಿ ನಡುವಿನಲ್ಲಿ ಉಬ್ಬಿರುವುದರಿಂದ ಕಕ್ಷೆಯ ಸಮತಲ ತಾನಾಗಿಯೇ ನಿಧಾನಕ್ಕೆ ತಿರುಗುತ್ತಿರುತ್ತದೆ. ಕಕ್ಷೆಯ ಓರೆಯನ್ನು ಒಂದೇ ಡಿಗ್ರಿ ಬದಲಿಸಿದರೆ ಆ ತಿರುಗುವಿಕೆಯ ಗತಿ ಸ್ವಲ್ಪ ಬದಲಾಗುತ್ತದೆ. ಸುಮಾರು ನಾಲ್ಕು ತಿಂಗಳು ಕಾದರೆ ಅದೇ 15 ಡಿಗ್ರಿ ಕೂಡಿಬರುತ್ತದೆ. ಓರೆ ಮಾಡಲು ಸೆಕೆಂಡಿಗೆ ಸುಮಾರು 130 ಮೀಟರ್, ಮರಳಿ ಸರಿಪಡಿಸಲು ಇನ್ನೊಂದು 130. ಇಂಧನ ಉಳಿಸಿ ಕಾಲವನ್ನು ತೆರುವ ಈ ವ್ಯವಹಾರವೇ ಇಡೀ ಕ್ಷೇತ್ರದ ತಿರುಳು ಎಂದು ನನ್ನ ಅಭಿಪ್ರಾಯ.

ಟಗ್‌ನ ಕಲ್ಪನೆ ಹಳೆಯದು. ಅಪೊಲೊ ನಂತರದ ಕಾರ್ಯಕ್ರಮಕ್ಕಾಗಿ ನಾಸಾ ಹಾಕಿದ ಯೋಜನೆಗಳಲ್ಲಿ ಮತ್ತೆ ಮತ್ತೆ ಬಳಸಬಹುದಾದ ‘ಸ್ಪೇಸ್ ಟಗ್’ ಇತ್ತು. ಹಣ ಸಿಗಲಿಲ್ಲ, ಷಟಲ್ ಒಂದೇ ಉಳಿಯಿತು. ಅದರ ಜೊತೆಗೆ ಬಂದ ಐಯುಎಸ್ ಘನ ಇಂಧನದ, ಒಮ್ಮೆ ಬಳಸಿ ಬಿಡುವ ಹಂತ. 1983ರ ಏಪ್ರಿಲ್‌ನಲ್ಲಿ ಅದು ನಡುದಾರಿಯಲ್ಲಿ ಕೈಕೊಟ್ಟು ಟಿಡಿಆರ್‌ಎಸ್-1 ಉಪಗ್ರಹವನ್ನು ತಪ್ಪು ಕಕ್ಷೆಯಲ್ಲಿ ಬಿಟ್ಟಿತು. ಎಂಜಿನಿಯರ್‌ಗಳು ಆ ಉಪಗ್ರಹದ್ದೇ ಪುಟ್ಟ ಥ್ರಸ್ಟರ್‌ಗಳನ್ನು ವಾರಗಟ್ಟಲೆ ಉರಿಸಿ, ಇಂಚಿಂಚಾಗಿ ಮೇಲೇರಿಸಿ, ಜೂನ್ ಕೊನೆಯ ಹೊತ್ತಿಗೆ ಅದನ್ನು ಭೂಸ್ಥಿರ ಕಕ್ಷೆಗೆ ಮುಟ್ಟಿಸಿದರು. ಇಂದಿನ ಟಗ್‌ಗಳು ಉದ್ದೇಶಪೂರ್ವಕವಾಗಿ ಮಾಡುವ ಕೆಲಸವನ್ನು ಅಂದು ಅವರು ವಿಧಿಯಿಲ್ಲದೆ ಮಾಡಿ ತೋರಿಸಿದ್ದರು.

ಟಗ್‌ನತ್ತ ಇನ್ನೊಂದು ಹೆಜ್ಜೆ ಒಂದು ಉಂಗುರದಿಂದ ಬಂತು. 2007ರಲ್ಲಿ ಅಟ್ಲಾಸ್-5 ರಾಕೆಟ್ಟಿನಲ್ಲಿ ಮೊದಲ ಬಾರಿಗೆ ಹಾರಿದ ‘ಎಸ್ಪಾ’ ಉಂಗುರ ದೊಡ್ಡ ಉಪಗ್ರಹದ ಕೆಳಗೆ ಆರು ಚಿಕ್ಕವಕ್ಕೆ ಜಾಗ ಕೊಟ್ಟಿತು. 2009ರ ಎಲ್‌ಕ್ರಾಸ್ ಚಂದ್ರಯಾತ್ರೆಯಲ್ಲಿ ಆ ಉಂಗುರವೇ ನೌಕೆಯ ಒಡಲಾಯಿತು.

ವಾಣಿಜ್ಯ ಟಗ್‌ಗಳ ಸಾಲಿನಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು ಇಟಲಿಯ ಡಿ-ಆರ್ಬಿಟ್. ಅದರ ‘ಅಯಾನ್’ 2020ರ ಸೆಪ್ಟೆಂಬರ್‌ನಲ್ಲಿ ವೇಗಾ ರಾಕೆಟ್ಟಿನಲ್ಲಿ ಹೋಗಿ, ಪ್ಲಾನೆಟ್‌ನ 12 ಉಪಗ್ರಹಗಳನ್ನು ಕೆಲವು ವಾರಗಳ ಅವಧಿಯಲ್ಲಿ ಒಂದೊಂದಾಗಿ ಬಿಟ್ಟಿತು. ಎಲ್ಲರಿಗೂ ಈ ಯಶಸ್ಸು ಒಲಿಯಲಿಲ್ಲ. ನೀರನ್ನು ಮೈಕ್ರೋವೇವ್‌ನಿಂದ ಕಾಯಿಸಿ ಚಿಮ್ಮಿಸುವ ಮೊಮೆಂಟಸ್‌ನ ವಿಗೊರೈಡ್‌ಗೆ 2022ರ ಮೊದಲ ಹಾರಾಟದಲ್ಲಿ ಸೌರಫಲಕಗಳೇ ಬಿಚ್ಚಿಕೊಳ್ಳಲಿಲ್ಲ. 2023ರ ಜನವರಿಯಲ್ಲಿ ಲಾಂಚರ್ ಕಂಪನಿಯ ಆರ್ಬಿಟರ್ ಸೂರ್ಯನತ್ತ ಮುಖ ಮಾಡಲಾಗದೆ, ಒಂದು ಉಪಗ್ರಹವನ್ನೂ ಬಿಡದೆ ಸತ್ತಿತು. ಆದರೂ ಅದೇ ವರ್ಷದ ನವೆಂಬರ್‌ನಲ್ಲಿ ಇಂಪಲ್ಸ್ ಸ್ಪೇಸ್ ಕಂಪನಿಯ ಮೀರಾ ಟಗ್ ಹಾರಿತು. ಆ ಕಂಪನಿಯ ಸ್ಥಾಪಕ ಟಾಮ್ ಮುಲ್ಲರ್ ಸ್ಪೇಸ್‌ಎಕ್ಸ್‌ನ ಮರ್ಲಿನ್ ಎಂಜಿನ್ ಕಟ್ಟಿದವರು.

ರಾಕೆಟ್ಟಿನ ಕೊನೆಯ ಹಂತಕ್ಕೇ ಈ ಕೆಲಸ ಕೊಡುವುದು ಬೇರೆ ದಾರಿ. ಇಲ್ಲಿ ಇಸ್ರೋಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. 2015ರ ಡಿಸೆಂಬರ್‌ನಲ್ಲಿ ಸಿಂಗಪುರದ ಆರು ಉಪಗ್ರಹಗಳನ್ನು ಬಿಟ್ಟ ಮೇಲೆ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನು ಮತ್ತೆ ಉರಿಸಿ ನೋಡಲಾಯಿತು. 2016ರ ಸೆಪ್ಟೆಂಬರ್ 26ರ ಸಿ35ರಲ್ಲಿ ಆ ಹಂತ ಮೊದಲು ಸ್ಕ್ಯಾಟ್‌ಸ್ಯಾಟ್-1 ಅನ್ನು ಬಿಟ್ಟು, ಎಂಜಿನ್ ಆರಿಸಿಕೊಂಡು ಹೋಗಿ, ಮತ್ತೆರಡು ಸಲ ಉರಿದು, ಉಳಿದ ಏಳನ್ನು ಇನ್ನೊಂದು ಕಕ್ಷೆಯಲ್ಲಿ ಇಳಿಸಿತು. ಹಾರಿದ ಎರಡು ಗಂಟೆಗೂ ಮೀರಿ ನಡೆದ ಕೆಲಸವದು. ಆ ಏಳರಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಪೈಸ್ಯಾಟ್ ಕೂಡ ಇತ್ತು.

ರಾಕೆಟ್ ಲ್ಯಾಬ್‌ನ ಕಿಕ್ ಸ್ಟೇಜ್ ಇದೇ ಜಾಡಿನದು. ಅದರಿಂದ ರೂಪುಗೊಂಡ ಫೋಟಾನ್ 2022ರಲ್ಲಿ 25 ಕಿಲೋದ ಕ್ಯಾಪ್‌ಸ್ಟೋನ್ ನೌಕೆಯನ್ನು ಆರು ದಿನ ಹಂತಹಂತವಾಗಿ ಮೇಲೇರಿಸಿ ಚಂದ್ರನತ್ತ ಎಸೆಯಿತು. ಇಂಥ ಪ್ರತ್ಯೇಕ ಉಡಾವಣೆಗೆ ಹಣ ಹೆಚ್ಚು, ಆದರೆ ಕಾಯಬೇಕಿಲ್ಲ. ಚಿತ್ರ ಮಾರಿ ಬದುಕುವ ಕಂಪನಿಗೆ ನಾಲ್ಕು ತಿಂಗಳ ಕಾಯುವಿಕೆಯೆಂದರೆ ನಾಲ್ಕು ತಿಂಗಳ ಗಳಿಕೆ ಖೋತಾ. ಟಗ್ ಕಂಪನಿಗಳು ಬಿಟ್ಟ ಉಪಗ್ರಹಗಳ ಸಂಖ್ಯೆಯನ್ನು ಜೋರಾಗಿ ಹೇಳುತ್ತವೆ. ಎಷ್ಟು ಡಿಗ್ರಿ ತಿರುಗಿಸಿದೆವು, ಎಷ್ಟು ದಿನದಲ್ಲಿ, ಎಂದು ಅಷ್ಟೇ ಜೋರಾಗಿ ಹೇಳುವ ದಿನ ಬಂದಾಗಲೇ ಈ ಕ್ಷೇತ್ರ ಪ್ರಾಯಕ್ಕೆ ಬಂದಿದೆ ಎನ್ನಬಹುದು.

ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ‘ಪುಷ್ಪಕ್’ ಎಂಬ ಟಗ್‌ನ ಯೋಜನೆ ಪ್ರಕಟಿಸಿದೆ. ಅದರ ರುದ್ರ ಎಂಬ ಹಸಿರು ಇಂಧನದ ಥ್ರಸ್ಟರ್ ಹಾಗೂ ಅರ್ಕ ವಿದ್ಯುತ್ ಥ್ರಸ್ಟರ್‌ನ ಭಾಗ 2024ರ ಜನವರಿ 1ರಂದು ಹಾರಿದ ಸಿ58ರ ನಾಲ್ಕನೇ ಹಂತದಲ್ಲಿ, ಪೋಯೆಮ್-3 ಎಂಬ ಪ್ರಯೋಗ ವೇದಿಕೆಯ ಮೇಲೆ ಪರೀಕ್ಷೆಗೊಳಪಟ್ಟವು. ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು 650 ಕಿ.ಮೀ.ನಲ್ಲಿ ಬಿಟ್ಟ ಆ ಹಂತ ತಾನೇ 350ಕ್ಕೆ ಇಳಿದು, ಪ್ರಯೋಗಗಳನ್ನು ಮುಗಿಸಿ, ಮಾರ್ಚ್‌ನಲ್ಲಿ ವಾತಾವರಣದಲ್ಲಿ ಉರಿದುಹೋಯಿತು. ಟಗ್ ಕಟ್ಟುವ ಪ್ರತಿ ಕಂಪನಿಯ ಪರವಾನಗಿಯಲ್ಲೂ ಕೆಳಗಿಳಿಯುವುದಕ್ಕೆ ಬೇಕಾದಷ್ಟು ಇಂಧನವನ್ನು ಮೊದಲೇ ತೆಗೆದಿಡುವ ಷರತ್ತು ಇರಬೇಕು.