ಕಚ್ಚೆ ಬಿಟ್ಟು ನೆರಿಗೆ ಹಿಡಿದ ಕಥೆ

1987ರ ಮಾತು. ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್‌ನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಇಳಿಯುವ ನೂಕುನುಗ್ಗಲಿನಲ್ಲಿ ಯಾರೋ ನನ್ನ ನೆರಿಗೆ ತುಳಿದರು. ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಮೊಣಕಾಲು ತರಚಿತು. ಮರುದಿನ ಚೂಡಿದಾರ ಹಾಕಿಕೊಂಡು ಆಫೀಸಿಗೆ ಹೋದೆ. ಮೇಲಧಿಕಾರಿ ಕರೆದು, "ಆಫೀಸಿಗೆ ಸೀರೆಯೇ ಚಂದ ಅಮ್ಮಾ, ಅದು ತಲೆತಲಾಂತರದಿಂದ ಬಂದದ್ದು" ಎಂದರು. ಸುಮ್ಮನೆ ಸೀರೆಗೆ ಮರಳಿದೆ.

ಎಷ್ಟು ತಲೆಯಿಂದ ಬಂದದ್ದು ಎಂದು ಹುಡುಕಲು ಪುರುಸೊತ್ತಾದದ್ದು ನಿವೃತ್ತಿಯ ನಂತರವೇ.

ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1864ರಲ್ಲಿ ಗಂಡನೊಂದಿಗೆ ಮುಂಬಯಿಗೆ ಬಂದರು. (ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದರು, ತಮ್ಮ ರವೀಂದ್ರರು ಅಲ್ಲಿಗೆ ಬಂದು ಉಳಿದಿದ್ದರು.) ಆಗ ಬಂಗಾಳದ ಹೆಂಗಸರು ರವಿಕೆ, ಲಂಗಗಳಿಲ್ಲದೆ ಒಂದೇ ಸೀರೆ ಸುತ್ತಿಕೊಳ್ಳುತ್ತಿದ್ದರು. ಮನೆಯೊಳಗೆ ಅದು ನಡೆಯುತ್ತಿತ್ತು, ಹೊರಗೆ ಕಾಲಿಡಲು ಸಾಲದು. ಜ್ಞಾನದಾನಂದಿನಿ ಇಲ್ಲಿನ ಪಾರ್ಸಿ ಹೆಂಗಸರನ್ನು ನೋಡಿ ಕಲಿತರು. ಒಳಗೆ ರವಿಕೆ, ಲಂಗ ಸೇರಿಸಿದರು. ಬಲಗೈ ಬಿಡುವಾಗಿರಲೆಂದು ಸೆರಗನ್ನು ಎಡ ಹೆಗಲಿಗೆ ತಂದರು. ಬ್ರಾಹ್ಮಸಮಾಜದ ಮನೆಗಳಲ್ಲಿ ಅದು ಹರಡಿತು. ಇಂದಿನ ಉಡುಗೆಗೆ ಇದೊಂದೇ ಮೂಲ ಎಂದು ನಾನು ಹೇಳುವುದಿಲ್ಲ. ಆದರೆ ನನಗೆ 'ಸಂಪ್ರದಾಯ' ಎಂದು ತೋರಿಸಿದ್ದು, ಹೆಣ್ಣು ಹೊಸಿಲು ದಾಟಲೆಂದು ಹೆಣ್ಣೇ ಮಾಡಿಕೊಂಡ ಹೊಸ ಏರ್ಪಾಡೂ ಆಗಿತ್ತು!

1883ರಲ್ಲಿ ವೈದ್ಯಕೀಯ ಓದಲು ಅಮೆರಿಕಕ್ಕೆ ಹೋದ ಆನಂದಿಬಾಯಿ ಜೋಶಿ ಅವರದೂ ಇದೇ ಪಾಡು. ಒಂಬತ್ತು ಗಜದ ಕಚ್ಚೆಯಲ್ಲಿ ಮೀನಖಂಡ ಬರಿದಾಗಿರುತ್ತದೆ, ಅಲ್ಲಿಯ ಚಳಿಗೆ ಆಗದು. ಅವರು ಗುಜರಾತಿ ರೀತಿಯಲ್ಲಿ ಉಟ್ಟುಕೊಂಡರು; ಸೀರೆ ಬಿಡಲಿಲ್ಲ, ಓದೂ ನಿಲ್ಲಲಿಲ್ಲ. 1886ರಲ್ಲಿ ಡಾಕ್ಟರಾದರು.

ಇತ್ತ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೂಲು ಸುತ್ತುವ ಖಾತೆಯ ಹೆಂಗಸರು ಕಚ್ಚೆ ಬಿಗಿದೇ ದುಡಿದರು. 1948ರ ಕಾರ್ಖಾನೆ ಕಾಯಿದೆಯ 22ನೆಯ ಕಲಂ ಓದಿದಾಗ ಮಾತ್ರ ನನಗೆ ಸಿಟ್ಟು ಬಂತು. ಓಡುತ್ತಿರುವ ಯಂತ್ರದ ಹತ್ತಿರ ಹೋಗಬೇಕಾದ ತರಬೇತಾದ ಗಂಡಾಳಿಗೆ ಮೈಗೊತ್ತುವ ಬಟ್ಟೆಯನ್ನು ಮಾಲೀಕನೇ ಕೊಡಬೇಕು ಎನ್ನುತ್ತಿತ್ತು ಅದು. ಹೆಂಗಸಿಗೆ? ಓಡುವ ಯಂತ್ರಕ್ಕೆ ಎಣ್ಣೆ ಹಾಕುವ, ಒರೆಸುವ ಕೆಲಸವೇ ಬೇಡ ಎಂದಿತು. ಅಪಾಯ ನಿಜವೇ. ಆದರೆ ಅವನಿಗೆ ಬಟ್ಟೆ ಬದಲಿಸಿದರು, ಇವಳಿಗೆ ಬಾಗಿಲು ಹಾಕಿದರು.

ಧಾರವಾಡದ ಕಡೆಯ ನಮ್ಮ ಅಜ್ಜಿ ಕಚ್ಚೆ ಹಾಕಿಯೇ ಜೋಳ ಕೊಯ್ಯುತ್ತಿದ್ದಳು, ಬಂಡಿ ಹತ್ತುತ್ತಿದ್ದಳು. ಆ ಸೀರೆಯಲ್ಲಿ ವಿ.ಟಿ.ಯಲ್ಲಿ ಇಳಿದಿದ್ದರೆ ಯಾರೂ ಅವಳ ನೆರಿಗೆ ತುಳಿಯುತ್ತಿರಲಿಲ್ಲ. ಆದರೆ ಆಫೀಸಿಗೆ ಕಚ್ಚೆ ಉಟ್ಟು ಹೋಗುವ ವಿಚಾರ ನನಗೂ ಬರಲಿಲ್ಲ, ಅದು 'ಹಳ್ಳಿಯದು' ಎಂದು ನಾನೇ ತಿಳಿದಿದ್ದೆ.

ಅವಳ ಒಂದು ಇಳಕಲ್ ಸೀರೆ ನನ್ನ ಕಪಾಟಿನಲ್ಲಿದೆ. ಹೋದ ದಸರೆಗೆ ಉಡಲು ತೆಗೆದೆ. ಕಚ್ಚೆ ಹಾಕಲು ಬರಲಿಲ್ಲ. ಪಕ್ಕದ ಮನೆಯ ಮರಾಠಿ ಆಜಿಯನ್ನು ಕರೆದು ಕೇಳಬೇಕಾಯಿತು.