ಮೈ ಮರೆಯದ ನೋವಿಗೆ ಮಾತೂ ಉಸಿರೂ

ಚೆನ್ನೈನ ಗಿಂಡಿಯಲ್ಲಿ, ಅಣ್ಣಾ ಸಾಲೈ ಬದಿಗೆ, ತಮಿಳುನಾಡು ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯವಿದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಎಂಬಿಬಿಎಸ್ ಮುಗಿಸಿದವರಿಗೂ ಮನೋವೈದ್ಯರಾದವರಿಗೂ ಪದವಿ ಕೊಡುವುದು ಇದೇ. ಅರುಂಬಾಕ್ಕಂನ ಸರ್ಕಾರಿ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಕಾಲೇಜಿನಲ್ಲಿ ಓದಿದವರ ಬಿಎನ್‌ವೈಎಸ್ ಪದವಿಪತ್ರಕ್ಕೆ ಬೀಳುವುದೂ ಇದೇ ಮೊಹರು. ಮೊಹರು ಒಂದೇ ಆದರೂ ಈ ಎರಡು ವಿದ್ಯೆಗಳು ಒಬ್ಬ ರೋಗಿಯ ಮುಂದೆ ಜೊತೆಯಾಗಿ ಕೂರುವುದು ಅಪರೂಪ. ಸುನಾಮಿ, ಪ್ರವಾಹ, ಅತ್ಯಾಚಾರ, ಮನೆಯೊಳಗಿನ ಹೊಡೆತ ಇಂಥವುಗಳಿಂದ ಜರ್ಜರಿತರಾದವರಿಗೆ ಮಾತ್ರ ಹಾಗೆ ಜೊತೆ ಕೂರುವವರು ಬೇಕೇ ಬೇಕು.

ಕಾರಣ ಸರಳ. ಆಘಾತ ನೆನಪಿನಲ್ಲಷ್ಟೇ ಉಳಿಯುವುದಿಲ್ಲ. ಬಾಗಿಲು ಧಡ್ಡೆಂದರೆ ಮೈ ಬೆಚ್ಚುತ್ತದೆ, ನಿದ್ದೆ ಹಾರುತ್ತದೆ, ಹೊಟ್ಟೆ ಕಿವುಚುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲ ಮುಗಿದುಹೋಯಿತೆಂದು ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ.

ಮನೋವೈದ್ಯಶಾಸ್ತ್ರ ಈ ಕಾಯಿಲೆಗೆ ಹೆಸರಿಟ್ಟದ್ದೇ ತಡವಾಗಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿಯನ್ನು, ಅಂದರೆ ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆಯನ್ನು, ತನ್ನ ಕೈಪಿಡಿಗೆ ಸೇರಿಸಿತು. ಮೈಯನ್ನು ಹಿಡಿದು ಮನಸ್ಸಿಗೆ ಚಿಕಿತ್ಸೆ ಕೊಡುವ ಯೋಚನೆ ಅದಕ್ಕಿಂತ ಹಳೆಯದು. ಯುರೋಪಿನಲ್ಲಿ ಫ್ರಾಯ್ಡ್‌ನ ಶಿಷ್ಯ ವಿಲ್ಹೆಲ್ಮ್ ರೈಕ್ 1930ರ ದಶಕದಲ್ಲೇ ಬಿಗಿದ ಸ್ನಾಯುಗಳಲ್ಲಿ ಅದುಮಿಟ್ಟ ಭಾವನೆಗಳನ್ನು ಹುಡುಕುತ್ತಿದ್ದ. ನಮ್ಮಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ಎನ್.ಎಸ್. ವಾಹಿಯಾ ಮತ್ತು ಸಂಗಡಿಗರು ಪತಂಜಲಿಯ ಯೋಗ ಚಿಂತನೆಯನ್ನು ಆಧರಿಸಿದ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿ 1970ರ ದಶಕದ ಹೊತ್ತಿಗೆ ವಿದೇಶಿ ಪತ್ರಿಕೆಗಳಲ್ಲಿ ಪ್ರಕಟಿಸಿದ್ದರು. ಆ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇಂದಿಗೂ ಸಿಕ್ಕಿಲ್ಲ.

ಚೆನ್ನೈಗೆ ಯೋಗಚಿಕಿತ್ಸೆ ಬಂದದ್ದು ಕನ್ನಡನಾಡಿನಿಂದ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು, 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಶಾಲೆ ಮುಚ್ಚಿದ ಬಳಿಕ 1950ರ ದಶಕದಲ್ಲಿ ಮದ್ರಾಸಿಗೆ ಹೋದರು. ಮೈಸೂರಿನಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕಟ್ಟುನಿಟ್ಟಾಗಿ ಕಲಿಸಿದವರು ಮದ್ರಾಸಿನಲ್ಲಿ ಒಬ್ಬೊಬ್ಬ ರೋಗಿಯನ್ನೇ ಎದುರು ಕೂರಿಸಿಕೊಂಡು, ನಾಡಿ ಹಿಡಿದು, ಅವನ ಉಸಿರಿಗೆ ತಕ್ಕ ಅಭ್ಯಾಸ ಹೇಳಿಕೊಟ್ಟರು. ಉಸಿರು ಒಳಗೆಳೆಯುತ್ತ ಕೈ ಎತ್ತುವುದು, ಬಿಡುತ್ತ ಇಳಿಸುವುದು, ಬಿಡುವ ಉಸಿರನ್ನು ಸ್ವಲ್ಪ ಉದ್ದ ಮಾಡುವುದು. ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಚೆನ್ನೈನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸ್ಥಾಪಿಸಿದ್ದು ಈ ಪದ್ಧತಿಯನ್ನು ಮುಂದುವರಿಸಲೆಂದೇ. ಇವತ್ತು ಆಘಾತಕ್ಕೆ ಒಳಗಾದವರಿಗೆ ಜಗತ್ತಿನಾದ್ಯಂತ ಕಲಿಸುವ ಯೋಗ ಇದಕ್ಕೆ ಬಹಳ ಹತ್ತಿರದ್ದು. ಆಸನಕ್ಕೆ ಮನುಷ್ಯನನ್ನು ಹೊಂದಿಸದೆ, ಮನುಷ್ಯನಿಗೆ ಆಸನವನ್ನು ಹೊಂದಿಸುವ ಯೋಗ ಅದು.

ದುರಂತಗಳ ವಿಷಯದಲ್ಲಿ ಮನೋವೈದ್ಯಶಾಸ್ತ್ರದ ದಾರಿ ಬೇರೆಯೇ ಆಗಿತ್ತು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅಧ್ಯಯನ ಮಾಡಿತು. ದುರಂತದ ಮನೋವೈದ್ಯಶಾಸ್ತ್ರ ನಮ್ಮ ದೇಶದಲ್ಲಿ ಕಣ್ಣುಬಿಟ್ಟದ್ದು ಅಂಥ ಕೆಲಸಗಳಿಂದ. 1984ರ ಭೋಪಾಲ ಅನಿಲ ದುರಂತದ ನಂತರ ಸಂತ್ರಸ್ತರ ಮಾನಸಿಕ ಆರೋಗ್ಯದ ಕೆಲಸ ಇನ್ನೂ ಬೆಳೆಯಿತು. ಅಲ್ಲೆಲ್ಲ ಇದ್ದದ್ದು ಮಾತು, ಸಾಂತ್ವನ, ಔಷಧ. ಮೈಯ ಸುದ್ದಿ ಇರಲಿಲ್ಲ.

ದುರಂತದ ಸಂತ್ರಸ್ತರಿಗಾಗಿ ಈ ಎರಡು ದಾರಿಗಳು ಕೂಡಿದ್ದು 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ. ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅನ್ನ ಕೊಡುತ್ತಿದ್ದ ಕಡಲೇ ಮಕ್ಕಳನ್ನು ನುಂಗಿತ್ತು. ಉಳಿದವರಿಗೆ ಅಲೆಯ ಸದ್ದು ಕೇಳದ ಊರಿಗೆ ಹೋಗುವ ದಾರಿಯೂ ಇರಲಿಲ್ಲ.

ಆಗ ನಡೆದ ಮೂರು ಪ್ರಯತ್ನಗಳನ್ನು ಜೊತೆಗಿಟ್ಟು ನೋಡಬೇಕು. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಶರ್ಲಿ ಟೆಲ್ಲಿಸ್ ಮತ್ತು ತಂಡ ಅಂಡಮಾನಿನ 47 ಸಂತ್ರಸ್ತರಿಗೆ ಒಂದು ವಾರ ಯೋಗ ಕಲಿಸಿ, ಭಯ, ಕಳವಳ, ದುಃಖ ತಗ್ಗಿದ್ದನ್ನು ದಾಖಲಿಸಿತು. ಮನೋಚಿಕಿತ್ಸಕ ರಾಜಾ ಸೆಲ್ವಂ ನೇತೃತ್ವದಲ್ಲಿ ಅಮೆರಿಕದಿಂದ ಬಂದ ತಂಡ ತಮಿಳುನಾಡಿನ ಮೀನುಗಾರ ಹಳ್ಳಿಗಳ 150 ಜನರೊಂದಿಗೆ, ಒಬ್ಬೊಬ್ಬರಿಗೆ 75 ನಿಮಿಷ ಕೊಟ್ಟು, ಮೈಯ ಅನುಭವವನ್ನೇ ಆಧಾರವಾಗಿಟ್ಟುಕೊಂಡ ಚಿಕಿತ್ಸೆ ನಡೆಸಿತು. ಎಂಟು ತಿಂಗಳ ನಂತರ ಹತ್ತಕ್ಕೆ ಒಂಬತ್ತರಷ್ಟು ಜನ ಬಹಳ ಸುಧಾರಿಸಿದ್ದೇವೆ ಎಂದರು. ಹೋಲಿಸಿ ನೋಡಲು ಚಿಕಿತ್ಸೆ ಸಿಗದ ಗುಂಪು ಮಾತ್ರ ಇರಲಿಲ್ಲ. ಕಾಲ ಕಳೆದಂತೆ ತಾನಾಗಿಯೇ ಎಷ್ಟು ವಾಸಿಯಾಗುತ್ತಿತ್ತು ಎಂದು ಹೇಳಲಾಗದು.

ಮೂರನೆಯದೇ ನಿಜಕ್ಕೂ ತೂಕದ್ದು. ಅಮೆರಿಕದ ಟೆರೇಸಾ ಡೆಸಿಲೋ ಅವರೊಂದಿಗೆ ನಿಮ್ಹಾನ್ಸ್‌ನ ಎ. ವೇದಮೂರ್ತಾಚಾರ್, ಡಿ. ನಾಗರಾಜ, ಬಿ.ಎನ್. ಗಂಗಾಧರ್ ಮೊದಲಾದವರು ಸೇರಿ ನಿರಾಶ್ರಿತರ ಶಿಬಿರಗಳಲ್ಲಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಒಟ್ಟು 183 ಜನ, ಮೂರು ಗುಂಪು. ಒಂದು ಗುಂಪಿಗೆ ಯೋಗದ ಉಸಿರಾಟದ ಅಭ್ಯಾಸ ಮಾತ್ರ. ಇನ್ನೊಂದಕ್ಕೆ ಉಸಿರಾಟವಾದ ಮೇಲೆ, ನಡೆದದ್ದನ್ನು ಚಿಕಿತ್ಸಕರ ಎದುರು ಮತ್ತೆ ಮತ್ತೆ ನೆನೆದು ಹೇಳುವ ಚಿಕಿತ್ಸೆ. ಮೂರನೆಯದು ಆರು ವಾರ ಕಾಯಬೇಕಿದ್ದ ಗುಂಪು. ಆರು ವಾರಗಳ ಹೊತ್ತಿಗೆ ಆಘಾತದ ಲಕ್ಷಣಗಳ ಅಂಕ ಮೊದಲ ಗುಂಪಿನಲ್ಲಿ 42.5, ಎರಡನೆಯದರಲ್ಲಿ 39.2 ಇಳಿಯಿತು. ಕಾಯುತ್ತಿದ್ದವರಲ್ಲಿ ಇಳಿದದ್ದು 4.6 ಮಾತ್ರ.

ಹಾಗಾದರೆ ಉಸಿರೊಂದೇ ಸಾಕೇ, ಮಾತು ಬೇಡವೇ? ಅವಸರ ಬೇಡ. ಬಳಸಿದ ಪ್ರಶ್ನಾವಳಿಯ ಅಂಕ 17ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಉಸಿರಾಟದಿಂದಲೇ ಅಷ್ಟು ಇಳಿದ ಮೇಲೆ ಎರಡನೆಯ ಚಿಕಿತ್ಸೆ ತನ್ನ ಪಾಲನ್ನು ತೋರಿಸಲು ಉಳಿದ ಜಾಗ ಕಡಿಮೆ. ಜೊತೆಗೆ, ಜನರನ್ನು ಒಬ್ಬೊಬ್ಬರಾಗಿ ಚೀಟಿ ಎತ್ತಿ ಹಂಚದೆ ಶಿಬಿರವಾರು ಹಂಚಿದ್ದರು. ಆದರೂ ಒಂದು ಮಾತು ಧೈರ್ಯವಾಗಿ ಹೇಳಬಹುದು. ಸಾವಿರಾರು ಜನರಿಗೆ ಬೆರಳೆಣಿಕೆಯ ಮನಶ್ಶಾಸ್ತ್ರಜ್ಞರು ಇರುವಲ್ಲಿ, ಗುಂಪಿನಲ್ಲಿ ಕಲಿಸಬಹುದಾದ ಉಸಿರಾಟ ಮೊದಲ ಮೆಟ್ಟಿಲಾಗಬಲ್ಲದು. 2008ರ ಬಿಹಾರ ಪ್ರವಾಹದ ನಂತರ ಟೆಲ್ಲಿಸ್ ತಂಡ 22 ಜನರಲ್ಲಿ ನಡೆಸಿದ ಚಿಕ್ಕ ಪರೀಕ್ಷೆಯಲ್ಲೂ ಯೋಗ ಮಾಡಿದವರ ದುಃಖ ತಗ್ಗಿತು, ಮಾಡದವರ ಕಳವಳ ಏರಿತು.

ಉಸಿರು ಮತ್ತು ಸ್ವರ ಮಿದುಳಿನಲ್ಲಿ ಏನು ಮಾಡುತ್ತವೆ? ನಿಮ್ಹಾನ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 12 ಆರೋಗ್ಯವಂತರು ಸ್ಕ್ಯಾನರಿನೊಳಗೆ ಮಲಗಿ ಓಂಕಾರ ಹೇಳಿದರು, ಹೋಲಿಕೆಗೆಂದು ‘ಸ್‌ಸ್‌ಸ್’ ಎಂಬ ಸದ್ದನ್ನೂ ಮಾಡಿದರು. ಓಂಕಾರದ ಹೊತ್ತಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಸೇರಿದಂತೆ ಭಾವಕೇಂದ್ರಗಳ ಚಟುವಟಿಕೆ ಇಳಿಯಿತು, ‘ಸ್‌ಸ್‌ಸ್’ ಎಂದಾಗ ಇಳಿಯಲಿಲ್ಲ. ಹನ್ನೆರಡೇ ಜನ ನಿಜ, ಆದರೆ ದಿಕ್ಕು ತೋರುವ ಕೆಲಸ.

ಮುಂದಿನ ದೊಡ್ಡ ಹೆಜ್ಜೆಗಳು ಅಮೆರಿಕದಲ್ಲಿ ಬಿದ್ದವು. ಬಾಸ್ಟನ್ ಬಳಿಯ ಟ್ರಾಮಾ ಸೆಂಟರಿನಲ್ಲಿ ಬೆಸೆಲ್ ವ್ಯಾನ್ ಡರ್ ಕೋಲ್ಕ್ ಮತ್ತು ಡೇವಿಡ್ ಎಮರ್ಸನ್, ಬೇರೆ ಚಿಕಿತ್ಸೆಗಳಿಗೆ ಜಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರಲ್ಲಿ ಪರೀಕ್ಷೆ ನಡೆಸಿದರು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ಹತ್ತು ವಾರದ ಯೋಗದ ನಂತರ ಶೇಕಡಾ 52 ಮಹಿಳೆಯರಲ್ಲಿ ಕಾಯಿಲೆಯ ಲಕ್ಷಣಗಳು ರೋಗನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದವು. ಆರೋಗ್ಯ ಶಿಕ್ಷಣವಷ್ಟೇ ಸಿಕ್ಕ ಗುಂಪಿನಲ್ಲಿ ಇದು ಶೇಕಡಾ 21. 2023ರಲ್ಲಿ, ಸೇನೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 131 ಮಾಜಿ ಸೈನಿಕ ಮಹಿಳೆಯರಲ್ಲಿ ಇದೇ ಯೋಗವನ್ನು ಒಂದು ಪ್ರಮುಖ ಮಾತಿನ ಚಿಕಿತ್ಸೆಯೊಂದಿಗೆ ಹೋಲಿಸಲಾಯಿತು. ಎರಡೂ ಸರಿಸಮವಾಗಿ ಕೆಲಸ ಮಾಡಿದವು, ಅರ್ಧಕ್ಕೇ ಬಿಟ್ಟುಹೋಗದೆ ಪೂರೈಸಿದವರು ಯೋಗದ ಗುಂಪಿನಲ್ಲೇ ಹೆಚ್ಚು.

ಆಘಾತಕ್ಕೆ ಒಳಗಾದವರ ಈ ಯೋಗ ತರಗತಿ ನಮ್ಮ ಸಾಮಾನ್ಯ ಯೋಗ ತರಗತಿಯಂತಲ್ಲ. ಶಿಕ್ಷಕರು ಯಾರ ಮೈಯನ್ನೂ ಮುಟ್ಟಿ ತಿದ್ದುವುದಿಲ್ಲ. ‘ಕಣ್ಣು ಮುಚ್ಚಿ’ ಎಂಬ ಅಪ್ಪಣೆ ಇಲ್ಲ. ಬೇಕಿದ್ದರೆ ಮುಚ್ಚಬಹುದು, ತೆರೆದೇ ಇಡಬಹುದು. ಕೈ ಎತ್ತುವುದೋ ಬಿಡುವುದೋ ಎಂಬುದೂ ಬಂದವರ ಇಷ್ಟ. ತನ್ನ ಮೈಯ ಮೇಲೆ ಇನ್ನೊಬ್ಬರು ಅಧಿಕಾರ ಚಲಾಯಿಸಿದ್ದನ್ನು ಅನುಭವಿಸಿದ ಹೆಂಗಸಿಗೆ, ಈ ಸಣ್ಣ ತೀರ್ಮಾನವನ್ನು ತಾನೇ ಮಾಡುವುದು ಚಿಕಿತ್ಸೆಯ ತಿರುಳು. ಗದರುವ, ತಳ್ಳುವ, ಬೆನ್ನ ಮೇಲೆ ಒತ್ತುವ ಕ್ರಮ ಅಂಥವಳಿಗೆ ಮತ್ತೊಂದು ಗಾಯವಾಗಬಹುದು. ಕೆಲವರಿಗೆ ಶವಾಸನದಲ್ಲಿ ಮಲಗಿದಾಗಲೇ ಹಳೆಯ ಭಯ ನುಗ್ಗಿಬರುತ್ತದೆ, ವೇಗದ ಉಸಿರಾಟ ಗಾಬರಿ ಎಬ್ಬಿಸುತ್ತದೆ. ಆಗ ಪಕ್ಕದಲ್ಲಿ ಮನೋಚಿಕಿತ್ಸಕರು ಇರಬೇಕು. ಮೈಯಲ್ಲಿ ಎದ್ದದ್ದಕ್ಕೆ ಮಾತಿನ ಆಸರೆ ಬೇಕು.

ನಿಮ್ಹಾನ್ಸ್‌ನಲ್ಲಿ ಇಂದು ಮನೋವೈದ್ಯರು, ಯೋಗ ವೈದ್ಯರು, ಆಯುರ್ವೇದ ವೈದ್ಯರು ಒಂದೇ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಅದು ಜಿಲ್ಲಾ ಆಸ್ಪತ್ರೆಗಳಿಗೂ ಬರಬೇಕು. ಯೋಗ ಶಿಕ್ಷಕರ ಪಠ್ಯದಲ್ಲಿ ಆಘಾತದ ಪಾಠ, ಮನೋಚಿಕಿತ್ಸಕರ ಪಠ್ಯದಲ್ಲಿ ಉಸಿರಾಟದ ಪಾಠ ಕಡ್ಡಾಯವಾಗಬೇಕು. ಕೊಡಗಿನಲ್ಲೋ ವಯನಾಡಿನಲ್ಲೋ ತಮಿಳುನಾಡಿನ ಕರಾವಳಿಯಲ್ಲೋ ಮುಂದಿನ ದುರಂತ ಬಂದ ಮೇಲೆ ಕಲಿಸಲು ಹೊರಟರೆ ತಡವಾಗುತ್ತದೆ. ಓದುಗರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಇಂಥ ನೋವಿದ್ದರೆ ಯೂಟ್ಯೂಬ್ ನೋಡಿ ಪ್ರಾಣಾಯಾಮ ಶುರು ಮಾಡಬೇಡಿ. ಮೊದಲು ಮಾನಸಿಕ ಆರೋಗ್ಯ ತಜ್ಞರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು.