ವಿಜ್ಞಾನದ ಓದು, ಪರಿಸರದ ಸೇವೆ: ಕಾಲೇಜು ವಿದ್ಯಾರ್ಥಿಗಳ ಪಾತ್ರ - ಒಂದು ಚಾರಿತ್ರಿಕ ನೋಟ

ಕಾಲೇಜಿನಲ್ಲಿ ಪರಿಸರ ಸಂಘದ ಸಭೆ ಕರೆದರೆ ಯಾರು ಬರುತ್ತಾರೆ? ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುವವರು ಬರುತ್ತಾರೆಂದು ಸಾಮಾನ್ಯವಾಗಿ ಎಲ್ಲರೂ ಎಣಿಸುತ್ತಾರೆ. ಕಲಾ ಮತ್ತು ವಾಣಿಜ್ಯ ವಿಭಾಗಗಳವರು "ಅದು ಸೈನ್ಸಿನವರ ಕೆಲಸ" ಎಂದು ದೂರ ಉಳಿಯುವುದುಂಟು. ಇತ್ತ ಸೈನ್ಸಿನವರಿಗೆ ಪ್ರಯೋಗಾಲಯ, ರೆಕಾರ್ಡ್ ಪುಸ್ತಕ, ಪ್ರವೇಶ ಪರೀಕ್ಷೆಗಳ ನಡುವೆ ಬಿಡುವೇ ಇರುವುದಿಲ್ಲ. ಒಬ್ಬರು ತಮಗೆ ತಿಳಿಯದೆಂದೂ ಇನ್ನೊಬ್ಬರು ತಮಗೆ ಸಮಯವಿಲ್ಲವೆಂದೂ ಹಿಂದೆ ಸರಿದರೆ, ಊರಿನ ಕೆರೆಯನ್ನು ಕೇಳುವವರು ಯಾರು?

ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳುವುದಕ್ಕಿಂತ ಇತಿಹಾಸದಿಂದ ಉತ್ತರ ಹುಡುಕುವುದು ಲೇಸು. ಕಳೆದ ಐದೂವರೆ ದಶಕಗಳಲ್ಲಿ ಕಾಲೇಜುಗಳು ಪರಿಸರದ ಕೆಲಸಕ್ಕೆ ಇಳಿದ ಕೆಲವು ಸಂದರ್ಭಗಳನ್ನು ನೋಡೋಣ. ವಿಜ್ಞಾನದ ಓದು ಎಲ್ಲಿ ನೆರವಾಯಿತು, ಎಲ್ಲಿ ಅದೊಂದೇ ಸಾಲದಾಯಿತು ಎಂಬುದು ಆಗ ಸ್ಪಷ್ಟವಾಗುತ್ತದೆ.

ಸೇವೆ ಕಾಲೇಜಿನ ಬಾಗಿಲಿಗೆ ಬಂದುದು

ವಿದ್ಯಾರ್ಥಿಗಳು ದೇಶಸೇವೆಯಲ್ಲಿ ತೊಡಗಬೇಕೆಂಬ ವಿಚಾರ ಸ್ವಾತಂತ್ರ್ಯ ಬಂದ ಹೊಸತರಲ್ಲಿಯೇ ಮೂಡಿತ್ತು. ಡಾ. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಆಯೋಗ ಅದನ್ನು ಪ್ರಸ್ತಾಪಿಸಿತು. ಮುಂದೆ 1964-66ರ ಕೊಠಾರಿ ಆಯೋಗ ಅದಕ್ಕೆ ಒತ್ತು ಕೊಟ್ಟಿತು. ಕೊನೆಗೆ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಮೊದಲಿಗೆ ಅದರಲ್ಲಿದ್ದುದು 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್. ಅವರು ಅರ್ಥಶಾಸ್ತ್ರಜ್ಞರು. ನಮ್ಮ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದವರು. ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ಎನ್.ಎಸ್.ಎಸ್. ಎಂದೇ ಎಲ್ಲರಿಗೂ ಪರಿಚಿತವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಗಳ ಸೇವೆ ಸಲ್ಲಿಸಬೇಕು. ಎಪ್ಪತ್ತರ ದಶಕದ ಶಿಬಿರಗಳ ವಿಷಯಗಳಲ್ಲಿ ಬರಗಾಲದ ವಿರುದ್ಧ ಯುವಜನರು ಎಂಬುದಿತ್ತು; ಅರಣ್ಯ ಬೆಳೆಸುವುದು, ಗಿಡ ನೆಡುವುದು ಇದ್ದವು. ಈ ಯೋಜನೆಗೆ ಸೇರಲು ಯಾವ ವಿಭಾಗದಲ್ಲಿ ಓದುತ್ತಿದ್ದೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಸೇವೆಗೂ ತರಗತಿಯ ಪಾಠಕ್ಕೂ ಇರಬೇಕಾದ ಕೊಂಡಿ ಬಲವಾಗಿರಲಿಲ್ಲ. ಶಿಬಿರದಲ್ಲಿ ಗುಂಡಿ ತೋಡಿದವನು ತರಗತಿಗೆ ಹಿಂತಿರುಗಿ ಮಣ್ಣಿನ ಪಾಠವನ್ನು ಬೇರೆಯೇ ವಿಷಯವೆಂಬಂತೆ ಓದುತ್ತಿದ್ದ.

ಈ ಕೊಂಡಿಯನ್ನು ಬೆಸೆಯಬೇಕೆಂಬ ವಿಚಾರಕ್ಕೆ "ಸೇವೆಯ ಮೂಲಕ ಕಲಿಕೆ" ಎಂದು ಹೆಸರು. ಅಮೆರಿಕದಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ್‍ಯಾಮ್ಸೆ ಎಂಬ ಶಿಕ್ಷಣತಜ್ಞರು 1960ರ ದಶಕದ ಕೊನೆಯಲ್ಲಿ ಈ ಮಾತನ್ನು ಬಳಕೆಗೆ ತಂದರು. ಜನರಿಗೆ ನಿಜವಾಗಿ ಬೇಕಾದ ಕೆಲಸವನ್ನು ವಿದ್ಯಾರ್ಥಿ ಮಾಡಬೇಕು. ಆ ಕೆಲಸದಿಂದ ತನ್ನ ವಿಷಯವನ್ನು ಇನ್ನಷ್ಟು ಆಳವಾಗಿ ಕಲಿಯಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಅದು ಸೇವೆಯ ಮೂಲಕ ಕಲಿಕೆ ಆಗುವುದಿಲ್ಲ.

1970ರ ಅಮೆರಿಕ

ಅದೇ ಕಾಲಕ್ಕೆ ಅಮೆರಿಕದ ಕಾಲೇಜುಗಳಲ್ಲಿ ಪರಿಸರದ ಅಲೆ ಎದ್ದಿತು. 1962ರಲ್ಲಿ ಜೀವವಿಜ್ಞಾನಿ ರೇಚಲ್ ಕಾರ್ಸನ್ ಕೀಟನಾಶಕಗಳ ಅಪಾಯವನ್ನು ಕುರಿತು ಬರೆದ ಪುಸ್ತಕ ಜನರನ್ನು ಎಚ್ಚರಿಸಿತ್ತು. 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಕರಾವಳಿಯಲ್ಲಿ ತೈಲ ಸೋರಿ ಸಮುದ್ರ ತೀರ ಕಪ್ಪಾಯಿತು.

1970ರ ಮಾರ್ಚಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಲವು ದಿನಗಳ ಪರಿಸರ ಚರ್ಚಾಕೂಟವನ್ನು ಏರ್ಪಡಿಸಿದರು. ಅದರ ಮುಂದಾಳುಗಳಲ್ಲಿ ನೈಸರ್ಗಿಕ ಸಂಪನ್ಮೂಲ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದರು. ಅಂದರೆ ಇಲ್ಲಿ ವಿಜ್ಞಾನದ ಓದೇ ಕಿಡಿಯಾಯಿತು. ಮರುತಿಂಗಳು, ಏಪ್ರಿಲ್ 22ರಂದು, ಮೊದಲ ಭೂಮಿ ದಿನ ನಡೆಯಿತು. ಸುಮಾರು 2 ಕೋಟಿ ಜನ ಭಾಗವಹಿಸಿದರೆಂದು ಅಂದಾಜು. ಅದನ್ನು ಯೋಚಿಸಿದ ಸೆನೆಟರ್ ಗೇಲಾರ್ಡ್ ನೆಲ್ಸನ್ ವಕೀಲರು. ದೇಶದಾದ್ಯಂತ ಸಂಘಟಿಸಿದ 25 ವರ್ಷದ ಡೆನಿಸ್ ಹೇಯ್ಸ್ ಇತಿಹಾಸ ಓದಿದವರು. ತಿಳಿವಳಿಕೆಯನ್ನು ವಿಜ್ಞಾನ ಕೊಟ್ಟಿತು. ಜನರನ್ನು ಕೂಡಿಸುವ ಕೆಲಸಕ್ಕೆ ಬೇರೆ ವಿಷಯ ಓದಿದವರೂ ಹೆಗಲು ಕೊಟ್ಟರು.

ಮೌನ ಕಣಿವೆಯ ಪಾಠ

ನಮ್ಮ ನೆರೆಯ ಕೇರಳದಲ್ಲಿ ಈ ಕೂಡುಕೆಲಸ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ, ಅಂದರೆ ಮೌನ ಕಣಿವೆಯಲ್ಲಿ, ಕುಂತಿಪುಳ ಎಂಬ ಹೊಳೆ ಹರಿಯುತ್ತದೆ. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ ಪಡೆಯುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ಸಿಕ್ಕಿತು. ಅದು ಆಗಿದ್ದರೆ ಸುಮಾರು 830 ಹೆಕ್ಟೇರ್ ನಿತ್ಯಹರಿದ್ವರ್ಣ ಕಾಡು ಮುಳುಗುತ್ತಿತ್ತು. ಅದು ಸಿಂಗಳೀಕಗಳ ನೆಲೆಯೂ ಹೌದು.

ಇದನ್ನು ಪ್ರಶ್ನಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಎಂ.ಕೆ. ಪ್ರಸಾದ್ ಎಂಬ ಸಸ್ಯಶಾಸ್ತ್ರದ ಕಾಲೇಜು ಅಧ್ಯಾಪಕರು. 1962ರಲ್ಲಿ ಸ್ಥಾಪನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಈ ವಿಷಯವನ್ನು ಕೈಗೆತ್ತಿಕೊಂಡಿತು. ಪರಿಷತ್ತಿನೊಳಗೇ ಭಿನ್ನಾಭಿಪ್ರಾಯವಿತ್ತು. ಮಲಬಾರಿಗೆ ವಿದ್ಯುತ್ ಬೇಡವೆ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಘೋಷಣೆಯಿಂದ ಉತ್ತರ ಕೊಡುವಂತಿರಲಿಲ್ಲ. ಆದ್ದರಿಂದ ಪರಿಷತ್ತು ಐವರ ಅಧ್ಯಯನ ತಂಡವನ್ನು ರಚಿಸಿತು. ಸಸ್ಯಶಾಸ್ತ್ರದ ಪ್ರಸಾದರ ಜೊತೆಗೆ ಅಣುಶಕ್ತಿ ಎಂಜಿನಿಯರ್ ಎಂ.ಪಿ. ಪರಮೇಶ್ವರನ್, ವಿದ್ಯುತ್ ಎಂಜಿನಿಯರ್ ವಿ.ಕೆ. ದಾಮೋದರನ್, ಅರ್ಥಶಾಸ್ತ್ರಜ್ಞ ಕೆ.ಪಿ. ಕಣ್ಣನ್ ಅದರಲ್ಲಿದ್ದರು. 1979ರ ಅವರ ವರದಿ ಕಾಡಿನ ಬೆಲೆಯನ್ನಷ್ಟೇ ಹೇಳಲಿಲ್ಲ. ಆ ಪ್ರದೇಶಕ್ಕೆ ಬೇಕಾದ ವಿದ್ಯುತ್ತನ್ನು ಬೇರೆ ದಾರಿಗಳಿಂದ ಪೂರೈಸಬಹುದೆಂದೂ ತೋರಿಸಿತು.

ವರದಿ ಬಂದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಜನರಿಗೆ ಮುಟ್ಟಿಸಬೇಕಿತ್ತು. ಅಧ್ಯಾಪಕರು, ವಿದ್ಯಾರ್ಥಿಗಳು ಊರೂರಿನ ಸಭೆಗಳಲ್ಲಿ ವಿಷಯವನ್ನು ವಿವರಿಸಿದರು. ಕವಯಿತ್ರಿ ಸುಗತಕುಮಾರಿ ಮತ್ತಿತರ ಸಾಹಿತಿಗಳು ಕಾಡಿನ ಪರವಾಗಿ ನಿಂತರು. ಅದೇ ದಶಕದಲ್ಲಿ ಪಯ್ಯನ್ನೂರು ಕಾಲೇಜಿನ ಪ್ರಾಣಿಶಾಸ್ತ್ರ ಅಧ್ಯಾಪಕ ಜಾನ್ ಸಿ. ಜೇಕಬ್ ವಿದ್ಯಾರ್ಥಿಗಳನ್ನು ನಿಸರ್ಗ ಶಿಬಿರಗಳಿಗೆ ಕರೆದೊಯ್ದು ಒಂದು ಪೀಳಿಗೆಯನ್ನೇ ಸಿದ್ಧಗೊಳಿಸುತ್ತಿದ್ದರು. ಮುಂದೆ ಪ್ರೊ. ಎಂ.ಜಿ.ಕೆ. ಮೆನನ್ ಅಧ್ಯಕ್ಷತೆಯ ಸಮಿತಿ ವಿಷಯವನ್ನು ಪರಿಶೀಲಿಸಿತು. ಯೋಜನೆ ಕೈಬಿಟ್ಟುಹೋಯಿತು. 1984ರ ನವೆಂಬರಿನಲ್ಲಿ ಮೌನ ಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು.

ಸಸ್ಯಶಾಸ್ತ್ರಜ್ಞನೊಬ್ಬನೇ ಇದ್ದಿದ್ದರೆ ವಿದ್ಯುತ್ತಿನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಕವಿಯೊಬ್ಬರೇ ಇದ್ದಿದ್ದರೆ ಅಂಕಿ ಅಂಶಗಳ ಬಲ ಇರುತ್ತಿರಲಿಲ್ಲ.

ಅರಿವಿಲ್ಲದ ಹಸಿರು

ಸದುದ್ದೇಶವೊಂದಿದ್ದರೆ ಸಾಕು, ಗಿಡ ನೆಟ್ಟರೆ ಸಾಕು ಎಂಬ ನಂಬಿಕೆಗೆ ಕರ್ನಾಟಕದ ಇತಿಹಾಸವೇ ಎಚ್ಚರಿಕೆ ಹೇಳುತ್ತದೆ. 1980ರ ದಶಕದಲ್ಲಿ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ಕಾರ್ಖಾನೆಯ ನಾರಿಗೆ ಬೇಕಾದ ಮರ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಕಂಪನಿಗೆ ಕೊಡುವ ಏರ್ಪಾಡಾಯಿತು. ಅಲ್ಲಿ ನೆಟ್ಟದ್ದು ಮುಖ್ಯವಾಗಿ ನೀಲಗಿರಿ. ದೂರದಿಂದ ನೋಡಿದರೆ ಅದೂ ಹಸಿರೇ. ಆದರೆ ದನ ಅದನ್ನು ಮೇಯುವುದಿಲ್ಲ; ಹಣ್ಣಿಲ್ಲ, ಸೊಪ್ಪಿಲ್ಲ; ಬಡವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಜಾಗ ಕೈತಪ್ಪಿತು.

1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಹಳ್ಳಿಗರು "ಕಿತ್ತಿಕೊ-ಹಚ್ಚಿಕೊ" ಸತ್ಯಾಗ್ರಹ ನಡೆಸಿದರು. ನೀಲಗಿರಿಯನ್ನು ಸಾಂಕೇತಿಕವಾಗಿ ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ಹಚ್ಚಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಇದ್ದರು. ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ವಿಜ್ಞಾನದ ಪದವಿ ಇಲ್ಲದೆಯೇ ಕನ್ನಡದ ಮಕ್ಕಳಿಗಾಗಿ ವಿಜ್ಞಾನವನ್ನು ಬರೆದವರು. 1991ರಲ್ಲಿ ಆ ಕಂಪನಿ ಮುಚ್ಚಿಹೋಯಿತು.

ಇಲ್ಲಿ ಏಳುವ ಪ್ರಶ್ನೆಗಳನ್ನು ನೋಡಿ. ಯಾವ ಮರ ಎಷ್ಟು ನೀರು ಹೀರುತ್ತದೆ ಎಂಬುದು ವಿಜ್ಞಾನದ ಪ್ರಶ್ನೆ. ಆ ನೆಲ ಯಾರದಾಗಿತ್ತು ಎಂಬುದು ಇತಿಹಾಸದ, ಕಾನೂನಿನ ಪ್ರಶ್ನೆ. ಲಾಭ ಯಾರಿಗೆ ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಸಸಿ ನೆಡುವ ಮೊದಲು ಮೂರನ್ನೂ ಕೇಳಬೇಕು.

ಪಶ್ಚಿಮ ಘಟ್ಟದ ಕಾಲೇಜುಗಳು

ಸಸ್ಯಶಾಸ್ತ್ರದ ಪ್ರವಾಸ ಎಂದರೆ ಕನ್ನಡಿಗರಿಗೆ ಬಿ.ಜಿ.ಎಲ್. ಸ್ವಾಮಿ ನೆನಪಾಗುತ್ತಾರೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳೊಡನೆ ಘಟ್ಟದ ಕಾಡುಗಳನ್ನು ಸುತ್ತಿದ ಅನುಭವದಿಂದ ಹುಟ್ಟಿದ "ಹಸಿರು ಹೊನ್ನು" ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆದರೆ ಅನೇಕ ಕಾಲೇಜುಗಳಲ್ಲಿ ಪ್ರವಾಸವೆಂದರೆ ಪರೀಕ್ಷೆಗೆ ಬೇಕಾದ ಗಿಡಗಳನ್ನು ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸುವುದಷ್ಟೇ ಆಗಿತ್ತು. ಪರೀಕ್ಷೆ ಮುಗಿದ ಮೇಲೆ ಆ ಹಾಳೆಗಳನ್ನು ಕೇಳುವವರಿರಲಿಲ್ಲ.

ಈ ಶಕ್ತಿ ವ್ಯರ್ಥವಾಗುತ್ತಿರುವುದನ್ನು ಗಮನಿಸಿದವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಿಂದ ಅವರು 1990ರ ದಶಕದಲ್ಲಿ ಪಶ್ಚಿಮ ಘಟ್ಟದ ಉದ್ದಕ್ಕೂ ಇರುವ ಕಾಲೇಜುಗಳ ಅಧ್ಯಾಪಕರನ್ನು ಒಂದು ಜಾಲವಾಗಿ ಜೋಡಿಸಿದರು. ಉಪಗ್ರಹ ಚಿತ್ರದಲ್ಲಿ ಬೇರೆ ಬೇರೆ ಬಣ್ಣಗಳಾಗಿ ಕಾಣುವ ಕಾಡು, ಕುರುಚಲು, ತೋಟ, ಗದ್ದೆ, ಕೆರೆಗಳನ್ನು ನೆಲದ ಮೇಲೆ ನಡೆದು ಗುರುತಿಸುವುದು. ಅಲ್ಲಿನ ಸಸ್ಯ, ಹಕ್ಕಿ, ಚಿಟ್ಟೆಗಳನ್ನು ಒಂದೇ ಕ್ರಮದಲ್ಲಿ ದಾಖಲಿಸುವುದು ಅವರ ಕೆಲಸ. ದೇಶದ ಜೀವಸಂಪತ್ತಿನ ಮೇಲೆ ನಿಗಾ ಇಡಲು ವಿದ್ಯಾರ್ಥಿಗಳ ಶಕ್ತಿಯನ್ನು ಬಳಸಬೇಕೆಂದು ಗಾಡ್ಗೀಳ್ 1996ರಲ್ಲಿ "ಕರೆಂಟ್ ಸೈನ್ಸ್" ಪತ್ರಿಕೆಯಲ್ಲಿ ಬರೆದರು. ಅದೇ ಪ್ರಯೋಗಾಲಯದ ಗಂಟೆಗಳು, ಅದೇ ವಿದ್ಯಾರ್ಥಿಗಳು. ಆದರೆ ಈಗ ದಾಖಲೆ ಬೇರೆಯವರ ಉಪಯೋಗಕ್ಕೂ ಬರುವಂತಾಯಿತು.

ಇದರ ಬೆನ್ನಲ್ಲೇ ಬಂದದ್ದು ಜನತಾ ಜೀವವೈವಿಧ್ಯ ದಾಖಲಾತಿ. ಇದರಲ್ಲಿ ಹಳ್ಳಿಯ ಜನ ತಮ್ಮ ಊರಿನ ಗಿಡ, ಮೀನು, ಔಷಧಿ, ಹಳೆಯ ತಳಿಗಳ ಬಗೆಗೆ ತಿಳಿದುದನ್ನು ಹೇಳುತ್ತಾರೆ. ಅಧ್ಯಾಪಕರು, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಇಲ್ಲಿ ಲ್ಯಾಟಿನ್ ಹೆಸರು ಗೊತ್ತಿದ್ದರಷ್ಟೇ ಸಾಲದು. ಅಜ್ಜಿಯ ಬಳಿ ಕುಳಿತು, ಅವರ ಮಾತಿನಲ್ಲಿ, ಅವರ ಬಿಡುವಿಗೆ ತಕ್ಕಂತೆ ಕೇಳುವ ತಾಳ್ಮೆ ಬೇಕು.

ಉತ್ತರ ಕನ್ನಡದ ಉಪ್ಪಾಗೆಯ ಉದಾಹರಣೆ ತೆಗೆದುಕೊಳ್ಳಿ. ಅದರ ಸಿಪ್ಪೆಯಲ್ಲಿರುವ ಆಮ್ಲಕ್ಕೆ 1990ರ ದಶಕದಲ್ಲಿ ವಿದೇಶಗಳಲ್ಲಿ ಬೇಡಿಕೆ ಬಂದು ಬೆಲೆ ಏರಿತು. ಹಣ್ಣಾಗುವ ಮೊದಲೇ ಕೀಳುವುದು, ಟೊಂಗೆಯನ್ನೇ ಕಡಿಯುವುದು ಆರಂಭವಾಯಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಆಮ್ಲ ಯಾವುದೆಂದು ರಸಾಯನಶಾಸ್ತ್ರದ ವಿದ್ಯಾರ್ಥಿ ಹೇಳಬಲ್ಲ. ಮರ ಮತ್ತೆ ಚಿಗುರೀತೆ ಎಂದು ಸಸ್ಯಶಾಸ್ತ್ರದ ವಿದ್ಯಾರ್ಥಿನಿ ನೋಡಬಲ್ಲಳು. ಕೊಯ್ದವನಿಗೆ ಸಿಕ್ಕ ಬೆಲೆಗೂ ರಫ್ತಿನ ಬೆಲೆಗೂ ಇರುವ ಅಂತರವನ್ನು ವಾಣಿಜ್ಯದ ವಿದ್ಯಾರ್ಥಿ ಲೆಕ್ಕ ಹಾಕಬಲ್ಲ. ಹಿಂದೆ ಅದನ್ನು ಕೊಯ್ಯಲು ಊರಿನಲ್ಲಿ ಏನು ಕಟ್ಟುಪಾಡಿತ್ತು ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ. ನಾಲ್ವರೂ ಸೇರಿದರೆ ಒಂದು ಮರದ ಕಥೆ ಪೂರ್ತಿಯಾಗುತ್ತದೆ.

2002ರ ಜೀವವೈವಿಧ್ಯ ಕಾಯಿದೆ ಮತ್ತು 2004ರ ನಿಯಮಗಳ ಮೂಲಕ ಈ ದಾಖಲಾತಿಗೆ ಕಾನೂನಿನ ಸ್ಥಾನ ದೊರೆಯಿತು. ಸ್ಥಳೀಯ ಸಂಸ್ಥೆಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇದನ್ನು ಸಿದ್ಧಪಡಿಸಬೇಕು. ಕಾಲೇಜುಗಳು ನಿಜವಾಗಿ ನೆರವಾಗಬಹುದಾದ ಕೆಲಸ ಇದು.

ಕಡ್ಡಾಯ ಪಾಠ

1991ರ ನವೆಂಬರ್ 22ರಂದು, ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟು ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿಸಲು ನಿರ್ದೇಶನ ನೀಡಿತು. ಚಿತ್ರಮಂದಿರಗಳಲ್ಲಿ ಪರಿಸರದ ಸ್ಲೈಡುಗಳು, ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ಪರಿಸರ ಕಾರ್ಯಕ್ರಮಗಳು ಬರಬೇಕೆಂದೂ ಅದೇ ತೀರ್ಪಿನಲ್ಲಿತ್ತು. ಕಾಲೇಜುಗಳಿಗೆ ಆರು ತಿಂಗಳ ಕಡ್ಡಾಯ ಪಠ್ಯ ಬರಲು 2004ರವರೆಗೆ ಕಾಯಬೇಕಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಆ ಪಠ್ಯ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಎಲ್ಲರಿಗೂ ಒಂದೇ ಆಗಿತ್ತು. 100 ಅಂಕಗಳಲ್ಲಿ 25 ಕ್ಷೇತ್ರಕಾರ್ಯಕ್ಕೆ ಮೀಸಲಾಗಿದ್ದವು. ಅದಕ್ಕಾಗಿ ಪಠ್ಯಪುಸ್ತಕ ಬರೆದ ಎರಾಚ್ ಭರೂಚಾ ಮೂಲತಃ ಶಸ್ತ್ರವೈದ್ಯರು! 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಮುದಾಯ ಸೇವೆ ಮತ್ತು ಪರಿಸರ ಶಿಕ್ಷಣಗಳನ್ನು ಪದವಿಯ ಭಾಗವಾಗಿಸಲು ಹೇಳುತ್ತದೆ.

ಕಾಗದದ ಮೇಲೆ ಎಲ್ಲವೂ ಇದೆ. ಅಪಾಯವಿರುವುದು ಬೇರೆಡೆ. ಕ್ಷೇತ್ರಕಾರ್ಯಕ್ಕೂ ಸಿದ್ಧ ಟಿಪ್ಪಣಿಗಳು ಸಿಗುವಂತಾದರೆ, ಕೆರೆಯನ್ನು ನೋಡದೆಯೇ ಕೆರೆಯ ವರದಿ ಬರೆದರೆ, ಕಡ್ಡಾಯ ಪಾಠ ಆಸಕ್ತಿಯನ್ನು ಬೆಳೆಸುವ ಬದಲು ಕೊಂದೀತು. ನೆಟ್ಟ ಸಸಿಗಳ ಸಂಖ್ಯೆ ವರದಿಯಲ್ಲಿರುತ್ತದೆ; ಎರಡು ಬೇಸಿಗೆ ದಾಟಿ ಬದುಕಿದ ಸಸಿಗಳ ಸಂಖ್ಯೆಯೂ ಇರಬೇಕು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸ ಹೇಳುವುದು ಇಷ್ಟು: ವಿಜ್ಞಾನದ ಓದು ಕಣ್ಣನ್ನು ಹರಿತಗೊಳಿಸುತ್ತದೆ, ಆದರೆ ಎಲ್ಲಿ ನೋಡಬೇಕೆಂಬ ಕಾಳಜಿಯನ್ನು ಅದೊಂದೇ ಕೊಡಲಾರದು. ಕಾಳಜಿ ಹುಟ್ಟುವುದು ಒಂದು ಜಾಗದ ಪರಿಚಯದಿಂದ, ಮತ್ತೆ ಮತ್ತೆ ಅಲ್ಲಿಗೆ ಹೋಗುವುದರಿಂದ. ಸೈನ್ಸಿನವರು ಪ್ರಯೋಗಾಲಯದ ಹೊರಗೆ ಬರಲಿ. ಉಳಿದವರು ಸೈನ್ಸಿನವರನ್ನು ಪ್ರಶ್ನೆ ಕೇಳಲು ಅಂಜದಿರಲಿ. ನಿಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಕೆರೆಯೋ ಗುಡ್ಡವೋ ಗೋಮಾಳವೋ ಇದ್ದೇ ಇರುತ್ತದೆ. ಅಲ್ಲಿಂದಲೇ ಆರಂಭಿಸಬಹುದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಕಾಲೇಜಿನ ಸೇವಾ ಶಿಬಿರದಲ್ಲಿ ಮಾಡಿದ ಕೆಲಸಕ್ಕೂ ನಿಮ್ಮ ಪಠ್ಯವಿಷಯಕ್ಕೂ ಏನು ಸಂಬಂಧ?

2. ಮೌನ ಕಣಿವೆಯ ಅಧ್ಯಯನ ತಂಡದಲ್ಲಿ ಅರ್ಥಶಾಸ್ತ್ರಜ್ಞರು ಏಕೆ ಬೇಕಾಯಿತು?

3. ನಿಮ್ಮ ಊರಿನ ಸಾರ್ವಜನಿಕ ಭೂಮಿಯಲ್ಲಿ ಯಾವ ಮರ ನೆಡಬೇಕೆಂದು ನಿರ್ಧರಿಸಲು ನೀವು ಯಾರು ಯಾರನ್ನು ಕೇಳುತ್ತೀರಿ?